ಫೋನಿಗೆ ಓಗೊಡುವ ಹಿತ್ತಲ ಸ್ಪ್ರಿಂಕ್ಲರ್: ಮಾಡಿ ಕೆಟ್ಟು ಕಲಿತದ್ದು

ನಮ್ಮದು ಮಳೆ ನಂಬಿದ ಬೇಸಾಯ. ಶೇಂಗಾ, ಸಜ್ಜೆ, ಅಕ್ಕಡಿಯಾಗಿ ತೊಗರಿ. ಇಂಥವನಿಗೆ ಸ್ಪ್ರಿಂಕ್ಲರ್ ಯಾಕೆ, ಅದಕ್ಕೊಂದು ಫೋನಿನ ಮಾತು ಕೇಳುವ ಡಬ್ಬಿ ಯಾಕೆ ಅಂತ ನೀವು ಕೇಳಬಹುದು. ನಮ್ಮೂರಿನವರು ಆಗಲೇ ಕೇಳಿ ಆಗಿದೆ.

2023ರ ಬರದಲ್ಲಿ ಹೊಲಕ್ಕೆ ಹಾಕಿದ ಬೀಜವೂ ಹಿಂದಕ್ಕೆ ಬರಲಿಲ್ಲ. ಆ ವರ್ಷ ಕೈ ಹಿಡಿದದ್ದು ಹಿತ್ತಲು. ಮನೆ ಹಿಂದೆ 8 ಮೀಟರ್ ಉದ್ದ, 4 ಮೀಟರ್ ಅಗಲಕ್ಕೆ ಶೇಡ್ ನೆಟ್ ಕಟ್ಟಿ ಪ್ಲಾಸ್ಟಿಕ್ ಚೀಲಗಳಲ್ಲಿ ಹುಣಸೆ, ನೇರಳೆ, ಸೀತಾಫಲದ ಸಸಿ ಮಾಡುತ್ತೇವೆ. ಎರಡೂವರೆ ಸಾವಿರ ಸಸಿ. ಮುಂಗಾರು ಬೀಳುವ ಹೊತ್ತಿಗೆ ಮಾರಿದರೆ ಶೇಂಗಾ ಬೀಜಕ್ಕೆ ಸಾಲ ಮಾಡುವುದು ತಪ್ಪುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಇವಕ್ಕೆ ದಿನಕ್ಕೆ ಎರಡು ಸಲ ನೀರು ಬೇಕೇಬೇಕು. ಒಂದು ದಿನ ತಪ್ಪಿದರೆ ಎಳೆ ನೇರಳೆ ತಲೆ ಬಾಗಿಸುತ್ತದೆ. ಎರಡು ದಿನ ತಪ್ಪಿದರೆ ಮುಗಿಯಿತು.

2024ರ ಏಪ್ರಿಲಿನಲ್ಲಿ ಮಗಳ ಹೆರಿಗೆ ಅಂತ ನಾವಿಬ್ಬರೂ ಮೂರು ದಿನ ಆಸ್ಪತ್ರೆಯಲ್ಲಿದ್ದೆವು. ನೀರು ಬಿಡಲು ಹೇಳಿ ಹೋಗಿದ್ದ ಹುಡುಗ ಮೊದಲ ದಿನ ಬಿಟ್ಟ, ಆಮೇಲೆ ಜಾತ್ರೆಗೆ ಹೋದ. ವಾಪಸ್ ಬಂದಾಗ ನಾನೂರು ನೇರಳೆ ಸಸಿ ಕಡ್ಡಿಯಾಗಿದ್ದವು. ಮೊಮ್ಮಗಳು ಹುಟ್ಟಿದ ಖುಷಿಯಲ್ಲಿ ಹೆಂಡತಿ ಏನೂ ಅನ್ನಲಿಲ್ಲ. ನನಗೆ ಮಾತ್ರ ಆ ಕಡ್ಡಿಗಳನ್ನು ಕಿತ್ತು ಎಸೆಯಲು ಒಂದು ವಾರ ಮನಸ್ಸಾಗಲಿಲ್ಲ.

ಮಗು ನೋಡಲು ಬಂದ ತಂಗಿಯ ಮಗ ಇದನ್ನು ನೋಡಿದ. ಅವನು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದುತ್ತಿದ್ದಾನೆ. 'ಮಾವ, ಇದಕ್ಕೊಂದು ಡಬ್ಬಿ ಮಾಡೋಣ. ನೀವು ಯಾವ ಊರಲ್ಲಿದ್ರೂ ಫೋನಲ್ಲೇ ನೀರು ಬಿಡಬಹುದು' ಅಂದ. ನಾನು ಓದಿದ್ದು ಏಳನೇ ಕ್ಲಾಸು. ಆದರೂ ಸ್ಟಾರ್ಟರ್ ಬಿಚ್ಚಿ ಕಾಂಟ್ಯಾಕ್ಟ್ ಉಜ್ಜುವುದು, ಮೋಟರಿನ ಬುಷ್ ಬದಲಿಸುವುದು ಎಲ್ಲ ನಾನೇ ಮಾಡಿಕೊಳ್ಳುವವನು. ಆಗಲಿ ಅಂದೆ.

ಡಬ್ಬಿಯೊಳಗೆ ಇರುವುದು

ಇದರ ಜೀವ ಒಂದು ಬೆರಳುದ್ದದ ಹಲಗೆ. ನೋಡ್ ಎಂಸಿಯು ಅಂತ ಹೆಸರು. ಅದರ ಮೇಲೆ ಕೂತಿರುವ ಚಿಪ್ಪು ಈಎಸ್‌ಪಿ 8266, ಚೀನಾದ ಶಾಂಘೈನ ಎಸ್ಪ್ರೆಸಿಫ್ ಕಂಪನಿಯದ್ದು. 2014ರಲ್ಲಿ ಇದು ಪೇಟೆಗೆ ಬಂದ ಮೇಲೆ ಹವ್ಯಾಸಕ್ಕೆ ಇಂಥದ್ದು ಮಾಡುವವರಿಗೆ ವೈಫೈ ಅಗ್ಗವಾಯಿತು ಅನ್ನುತ್ತಾರೆ. ಇದಕ್ಕೆ ಕೆಲಸ ಹೇಳಿಕೊಡುವುದು ಆರ್ಡುಯಿನೋ ಎಂಬ ತಂತ್ರಾಂಶದಿಂದ. ಅದು 2005ರಲ್ಲಿ ಇಟಲಿಯ ಇವ್ರಿಯಾ ಎಂಬ ಊರಿನ ವಿನ್ಯಾಸ ಶಾಲೆಯಲ್ಲಿ ಹುಟ್ಟಿದ್ದು, ಎಲೆಕ್ಟ್ರಾನಿಕ್ಸ್ ಗೊತ್ತಿಲ್ಲದ ವಿದ್ಯಾರ್ಥಿಗಳಿಗೆಂದೇ ಮಾಡಿದ್ದು. ಹಾಗಾಗಿ ನಮ್ಮಂಥವರ ಕೈಗೂ ದಕ್ಕುತ್ತದೆ.

ಹಲಗೆಗೆ ನಾನು ಕೊಟ್ಟದ್ದು 280 ರೂಪಾಯಿ. ರಿಲೇಗೆ 80, ಗಡಿಯಾರದ ಸಣ್ಣ ಹಲಗೆಗೆ 180, ಕಾಂಟ್ಯಾಕ್ಟರಿಗೆ 650, ಮೊಬೈಲ್ ಚಾರ್ಜರಿಗೆ 150, ನೀರು ಹೋಗದ ಪ್ಲಾಸ್ಟಿಕ್ ಡಬ್ಬಿಗೆ 220, ಮಣ್ಣಿನ ತೇವ ನೋಡುವ ಕಡ್ಡಿಗೆ 120. ಒಟ್ಟು 1680. ಇದು ಸರಿಯಾದ ಸಾಮಾನಿನ ಲೆಕ್ಕ. ತಪ್ಪಿ ತಂದು ಮೂಲೆಗೆ ಬಿದ್ದದ್ದರ ಲೆಕ್ಕ ಮುಂದೆ ಬರುತ್ತದೆ.

ಹಲಗೆ ಕೆಲಸ ಮಾಡುವುದು 3.3 ವೋಲ್ಟಿನಲ್ಲಿ. ಅದು ಪಂಪನ್ನು ನೇರ ಎಳೆಯಲಾರದು. ಹಲಗೆ ರಿಲೇಗೆ ಹೇಳುತ್ತದೆ, ರಿಲೇ ಕಾಂಟ್ಯಾಕ್ಟರಿಗೆ ಹೇಳುತ್ತದೆ, ಕಾಂಟ್ಯಾಕ್ಟರ್ ಪಂಪನ್ನು ಎಳೆಯುತ್ತದೆ. ಗೌಡರು ತಳವಾರನಿಗೆ ಹೇಳಿ, ತಳವಾರ ಊರಿಗೆ ಸಾರಿದ ಹಾಗೆ.

ನೀರಿನ ಲೆಕ್ಕ ಮೊದಲು

ಅಳಿಯ ಮೊದಲು ಕೇಳಿದ ಪ್ರಶ್ನೆ, 'ಎಷ್ಟು ಹೊತ್ತು ನೀರು ಬಿಡ್ತೀರ ಮಾವ?' ನನಗೆ ಉತ್ತರ ಗೊತ್ತಿರಲಿಲ್ಲ. ಪೈಪ್ ಹಿಡಿದು ಚೀಲ ನೆನೆಯುವವರೆಗೆ ಅಂದೆ. ಅಷ್ಟು ಹೇಳಿದರೆ ಡಬ್ಬಿಗೆ ತಿಳಿಯದು.

ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಲೀಟರ್ ನೀರು ಅಂದರೆ ಒಂದು ಮಿಲಿಮೀಟರ್ ಮಳೆ. ಈ ಲೆಕ್ಕ ಎಲ್ಲರೂ ನೆನಪಿಡಬೇಕಾದ್ದು. ನನ್ನ ಪಾತಿ 32 ಚದರ ಮೀಟರ್. ಒಂದು ಸಲಕ್ಕೆ 3 ಮಿಲಿಮೀಟರ್ ಕೊಡಬೇಕಾದರೆ 96 ಲೀಟರ್. ಹನ್ನೆರಡು ಮೈಕ್ರೋ ಸ್ಪ್ರಿಂಕ್ಲರ್ ಹಾಕಿದ್ದೇವೆ. ಒಂದೊಂದರ ಮೇಲೂ ಬಕೆಟ್ ಬೋರಲು ಹಿಡಿದು, ಬಸಿದ ನೀರನ್ನು ಅಳೆದೆವು. ಗಂಟೆಗೆ ಸುಮಾರು 40 ಲೀಟರ್ ಬಂತು. ಹನ್ನೆರಡಕ್ಕೆ ಗಂಟೆಗೆ 480, ನಿಮಿಷಕ್ಕೆ 8 ಲೀಟರ್. ಅಲ್ಲಿಗೆ 12 ನಿಮಿಷ. ಬೆಳಿಗ್ಗೆ 12, ಸಂಜೆ 12. ದಿನಕ್ಕೆ ಇನ್ನೂರು ಲೀಟರಿನ ಹತ್ತಿರ. ಸಾವಿರ ಲೀಟರಿನ ಟ್ಯಾಂಕು ಐದು ದಿನ ಬರುತ್ತದೆ. ಪೈಪ್ ಹಿಡಿದು ಬಿಡುವಾಗ ಮೂರೇ ದಿನಕ್ಕೆ ಮುಗಿಯುತ್ತಿತ್ತು. ಡಬ್ಬಿ ಬರುವ ಮೊದಲೇ, ಬರೀ ಈ ಲೆಕ್ಕದಿಂದಲೇ ನೀರು ಉಳಿಯಿತು. ನಮ್ಮ ಬೋರು ಬೇಸಿಗೆಯಲ್ಲಿ ಅರ್ಧ ಗಂಟೆ ನೀರು ಎತ್ತಿ ಆಮೇಲೆ ಗಾಳಿ ಉಗುಳುವುದು. ಹಾಗಾಗಿ ಟ್ಯಾಂಕ್ ತುಂಬಿಸುವುದೇ ಒಂದು ವ್ರತ.

ಮೊದಲ ತಪ್ಪು: ಒತ್ತಡ ಕೇಳುವ ವಾಲ್ವು

ಟ್ಯಾಂಕು ಮೊದಲು ಮಾಳಿಗೆ ಮೇಲಿತ್ತು. ಅದರ ಕೆಳಗೆ ಒಂದು ಕರೆಂಟ್ ವಾಲ್ವು ಹಾಕಿದರೆ ಪಂಪೇ ಬೇಡ ಅಂತ ಲೆಕ್ಕ ಹಾಕಿ 950 ರೂಪಾಯಿ ಕೊಟ್ಟು ಸೊಲೆನಾಯ್ಡ್ ವಾಲ್ವು ತಂದೆ. ಕರೆಂಟು ಕೊಟ್ಟರೆ 'ಟಕ್' ಅನ್ನುತ್ತದೆ, ನೀರು ಮಾತ್ರ ಮೂಗು ಸೋರಿದ ಹಾಗೆ. ಆಫ್ ಮಾಡಿದರೆ ಪೂರ್ತಿ ನಿಲ್ಲುವುದೂ ಇಲ್ಲ.

ಬಿಚ್ಚಿ ನೋಡಿದಾಗ ತಿಳಿಯಿತು. ನೀರಾವರಿಯ ಇಂಥ ವಾಲ್ವುಗಳಲ್ಲಿ ಒಳಗೊಂದು ರಬ್ಬರಿನ ಪೊರೆ ಇರುತ್ತದೆ. ಕರೆಂಟಿನ ಸುರುಳಿ ತೆರೆಯುವುದು ಒಂದು ಸೂಜಿ ತೂತನ್ನು ಮಾತ್ರ. ಪೊರೆಯನ್ನು ಎತ್ತುವುದೂ ಅದುಮುವುದೂ ನೀರಿನದೇ ಒತ್ತಡ. ಹತ್ತು ಮೀಟರ್ ಎತ್ತರದ ನೀರಿಗೆ ಒಂದು ಬಾರ್ ಒತ್ತಡ. ನನ್ನ ಟ್ಯಾಂಕಿನ ಎತ್ತರ ಹನ್ನೆರಡು ಅಡಿ. ಅಂದರೆ ಬಾರಿನ ಮೂರನೇ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು. ಅಷ್ಟಕ್ಕೆ ಆ ಪೊರೆ ಜಗ್ಗುವುದಿಲ್ಲ. ಸ್ಪ್ರಿಂಕ್ಲರಿಗೂ ಒಂದು ಬಾರಿನ ಮೇಲೆ ಇಲ್ಲದಿದ್ದರೆ ನೀರು ಎರಚುವುದಿಲ್ಲ, ಬುಡದಲ್ಲೇ ಸುರಿಯುತ್ತದೆ.

ಟ್ಯಾಂಕು ಕೆಳಗಿಳಿಸಿ ಅರ್ಧ ಎಚ್‌ಪಿ ಮೋನೋಬ್ಲಾಕ್ ಕೂರಿಸಿದೆವು. ಅದರ ನೀರು ಹನ್ನೆರಡು ಸ್ಪ್ರಿಂಕ್ಲರಿಗೆ ಜಾಸ್ತಿ. ಹೆಚ್ಚಾದದ್ದು ಟ್ಯಾಂಕಿಗೇ ವಾಪಸ್ ಬೀಳುವಂತೆ ಒಂದು ಬೈಪಾಸ್ ಪೈಪು, ಅದಕ್ಕೊಂದು ಗೇಟ್ ವಾಲ್ವು ಕೊಟ್ಟು ಒತ್ತಡ ಹದ ಮಾಡಿಕೊಂಡೆವು. ಮನೆ ಮಾಳಿಗೆಯ ಟ್ಯಾಂಕಿನಿಂದಲೇ ಹನಿ ನೀರು ಬಿಡುವವರು ಈ ಪೊರೆ ವಾಲ್ವು ತರಬೇಡಿ. ಪುಟ್ಟ ಮೋಟರ್ ತಿರುಗಿಸುವ ಬಾಲ್ ವಾಲ್ವು ಸಿಗುತ್ತದೆ, ಅದಕ್ಕೆ ನೀರಿನ ಒತ್ತಡದ ಹಂಗಿಲ್ಲ.

ಎರಡನೇ ತಪ್ಪು ಅಳಿಯನದು. ರಿಲೇ ಮೇಲೆ '10 ಆಂಪಿಯರ್' ಅಂತ ಬರೆದಿತ್ತು, ಪಂಪು ಎಳೆಯುವುದು ಮೂರು ನಾಲ್ಕು, ಸಾಕು ಅಂದ. ಮೋಟರು ಹೊರಡುವ ಗಳಿಗೆಯಲ್ಲಿ ಅದರ ಐದಾರು ಪಟ್ಟು ಎಳೆಯುತ್ತದೆ. ಇದು ಸ್ಟಾರ್ಟರ್ ಬಿಚ್ಚಿದವರಿಗೆಲ್ಲ ಗೊತ್ತು, ಪುಸ್ತಕ ಓದಿದ ಹುಡುಗನಿಗೆ ಹೊಳೆಯಲಿಲ್ಲ. ಒಂಬತ್ತನೇ ದಿನ ರಿಲೇ ಒಳಗಿನ ಎರಡು ತುಟಿ ಬೆಸುಗೆ ಹಾಕಿದಂತೆ ಅಂಟಿಕೊಂಡವು. ಆಫ್ ಅಂದರೂ ಪಂಪು ನಿಲ್ಲದು. ನಾನು ಎದುರಿಗೇ ಇದ್ದದ್ದರಿಂದ ಮೇನ್ ಇಳಿಸಿದೆ. ಆಮೇಲೆ ಬಂದದ್ದು ಕಾಂಟ್ಯಾಕ್ಟರ್. ಅದಕ್ಕೂ ಒಂದು ಚಾಳಿ ಇದೆ. ಸಂಜೆ ಎಲ್ಲರ ಮನೆ ದೀಪ ಹತ್ತಿ ವೋಲ್ಟೇಜ್ ಬಿದ್ದಾಗ ಅದು ಹಿಡಿಯಲೂ ಆರದೆ ಬಿಡಲೂ ಆರದೆ ಗರ್ರ್ ಅನ್ನುತ್ತದೆ. ಸಂಜೆಯ ನೀರನ್ನು ಆರೂವರೆಯಿಂದ ನಾಲ್ಕೂವರೆಗೆ ತಂದ ಮೇಲೆ ಆ ತಂಟೆ ನಿಂತಿತು.

ಪಂಪಿನ ಕಡೆಯ 230 ವೋಲ್ಟಿನ ಕೆಲಸ ಮಾತ್ರ ಗೊತ್ತಿರುವ ವೈರ್‌ಮನ್ ಕೈಲೇ ಮಾಡಿಸಿ. ನೀರು, ಹಸಿ ನೆಲ, ಬರಿಗಾಲು ಮೂರೂ ಇರುವ ಜಾಗ ಅದು. ಅರ್ತಿಂಗ್ ಬೇಕು. ಕರೆಂಟು ಸೋರಿದ ಕೂಡಲೇ ಬೀಳುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಬೇಕು. ಇದರಲ್ಲಿ ದುಡ್ಡು ಉಳಿಸಬಾರದು.

ಇಂಗ್ಲಿಷಿನ ನಾಲ್ಕು ಮಾತು

ಡಬ್ಬಿಗೆ ಬರೆಯುವ ಆಜ್ಞೆ ಇಂಗ್ಲಿಷಿನಲ್ಲಿ. ಹೆದರುವಂಥದ್ದೇನಿಲ್ಲ, ನನಗೆ ಬೇಕಾದದ್ದು ನಾಲ್ಕೈದು ಮಾತು. ಸೆಟಪ್ ಅಂದರೆ ಬೆಳಿಗ್ಗೆ ಎದ್ದು ನೊಗ ಕಟ್ಟಿ ಎತ್ತು ಹೂಡುವುದು, ಒಂದೇ ಸಲ. ಲೂಪ್ ಅಂದರೆ ಸಾಲು ಹೊಡೆಯುತ್ತಲೇ ಇರುವುದು, ಕರೆಂಟು ಇರುವ ತನಕ. ಇಫ್ ಅಂದರೆ 'ಹೀಗಿದ್ದರೆ'. ಡಿಲೇ ಅಂದರೆ 'ತಡಿ'.

ಈ ಡಿಲೇ ಮೋಸಗಾರ. ಪಂಪ್ ಆನ್, 12 ನಿಮಿಷ ತಡಿ, ಪಂಪ್ ಆಫ್ ಅಂತ ಬರೆದಿದ್ದೆ. ನೋಡಲು ಸೊಗಸಾಗಿತ್ತು. ಆದರೆ 'ತಡಿ' ಅಂದಷ್ಟು ಹೊತ್ತು ನಾವು ಬರೆದ ಬೇರೆ ಯಾವ ಸಾಲೂ ನಡೆಯುವುದಿಲ್ಲ. ಪೈಪು ಕಳಚಿ ನೀರು ಚಿಮ್ಮುತ್ತಿದೆ, ಫೋನಿನಲ್ಲಿ ಆಫ್ ಒತ್ತುತ್ತಿದ್ದೇನೆ, ಡಬ್ಬಿ ಕಿವುಡಾಗಿ ಕೂತಿದೆ. ಅಳಿಯ ಬಂದು ಬದಲಿಸಿಕೊಟ್ಟ. ಈಗ ಪಂಪು ಶುರುವಾದ ಗಳಿಗೆಯನ್ನು ಬರೆದಿಟ್ಟುಕೊಂಡು, ಪ್ರತಿ ಸುತ್ತಿನಲ್ಲೂ 'ಹನ್ನೆರಡು ನಿಮಿಷ ಆಯಿತಾ?' ಅಂತ ನೋಡುತ್ತದೆ. ಮಧ್ಯದಲ್ಲಿ ಕರೆದರೆ ಕೇಳುತ್ತದೆ.

ಇನ್ನೊಂದು ನಗುವ ಸಂಗತಿ. ಮೊದಲು ಡಬ್ಬಿ ಸಮಯವನ್ನು ಇಂಟರ್‌ನೆಟ್ಟಿನಿಂದ ಕೇಳಿ ತಿಳಿಯುತ್ತಿತ್ತು. ಬೆಳಿಗ್ಗೆ 6 ಗಂಟೆ ಅಂತ ಕೊಟ್ಟರೆ 11.30ರ ಸುಡು ಬಿಸಿಲಲ್ಲಿ ಮಳೆ ಸುರಿಯತೊಡಗಿತು. ಅಲ್ಲಿಂದ ಬರುವುದು ಲಂಡನ್ ಕಡೆಯ ಗ್ರೀನಿಚ್ ಲೆಕ್ಕದ ಸಮಯ. ನಮ್ಮದು ಅದಕ್ಕಿಂತ ಐದೂವರೆ ಗಂಟೆ ಮುಂದೆ. 19,800 ಸೆಕೆಂಡು ಸೇರಿಸಬೇಕಿತ್ತು, ಮರೆತಿದ್ದೆವು.

ಆಮೇಲೆ ಡಿಎಸ್ 3231 ಅನ್ನುವ ಗಡಿಯಾರದ ಹಲಗೆ ಸೇರಿಸಿದೆವು. ಬಟನ್ ಸೆಲ್ ಮೇಲೆ ನಡೆಯುತ್ತದೆ. ಕರೆಂಟು ಹೋಗಲಿ, ನೆಟ್ಟು ಹೋಗಲಿ, ಅದು ಸಮಯ ಬಿಡುವುದಿಲ್ಲ. ವರ್ಷಕ್ಕೆ ಒಂದು ನಿಮಿಷದಷ್ಟು ಹೆಚ್ಚುಕಡಿಮೆ ಆಗಬಹುದು, ಅಷ್ಟೆ. ತರುವವರಿಗೆ ಒಂದು ಎಚ್ಚರಿಕೆ: ಅಗ್ಗದ ಹಲಗೆಗಳಲ್ಲಿ ಸೆಲ್ಲನ್ನು ಚಾರ್ಜ್ ಮಾಡುವ ದಾರಿಯೊಂದು ಇರುತ್ತದೆ. ಅಂಗಡಿಯಲ್ಲಿ ಸಿಗುವ ಮಾಮೂಲಿ ಸೆಲ್ಲು ಚಾರ್ಜ್ ಆಗುವ ಜಾತಿಯದ್ದಲ್ಲ, ಉಬ್ಬಿ ಸೋರಬಹುದು. ತಿಳಿದವರ ಕೈಲಿ ಆ ದಾರಿಯ ಡಯೋಡ್ ತೆಗೆಸಿ.

ಮೋಡ ಮತ್ತು ದಲ್ಲಾಳಿ

ಇನ್ನು ಫೋನಿಗೂ ಡಬ್ಬಿಗೂ ಮಾತುಕತೆ. ಇದಕ್ಕೆ ಕ್ಲೌಡ್ ಅನ್ನುತ್ತಾರೆ, ಮೋಡ. ಹೆಸರು ಕೇಳಿದಾಗಲೇ ನನಗೆ ಅರ್ಧ ನಂಬಿಕೆ ಹೋಯಿತು. ನಮ್ಮ ಸೀಮೆಯವರಿಗೆ ಮೋಡದ ಗುಣ ಹೇಳಿಕೊಡಬೇಕಾಗಿಲ್ಲ.

ನಡೆಯುವುದು ಇಷ್ಟು. ದೂರದಲ್ಲೆಲ್ಲೋ ಒಂದು ಕಂಪ್ಯೂಟರಿದೆ. ಡಬ್ಬಿಯೂ ಫೋನೂ ಎರಡೂ ಅದಕ್ಕೆ ಹೋಗಿ ಹೇಳುತ್ತವೆ, ಅದರಿಂದ ಕೇಳುತ್ತವೆ. ಒಂದನ್ನೊಂದು ಮುಟ್ಟುವುದಿಲ್ಲ. ನಡುವಿನವನ ಹೆಸರೇ ಬ್ರೋಕರ್. ಮಂಡಿ ದಲ್ಲಾಳಿ ಅಂದುಕೊಳ್ಳಿ. ಈ ಮಾತುಕತೆಯ ರೀತಿಗೆ ಎಂಕ್ಯೂಟಿಟಿ ಎಂದು ಹೆಸರು. 1999ರಲ್ಲಿ ಆಂಡಿ ಸ್ಟ್ಯಾನ್‌ಫರ್ಡ್ ಕ್ಲಾರ್ಕ್ ಮತ್ತು ಆರ್ಲೆನ್ ನಿಪ್ಪರ್ ಎಂಬಿಬ್ಬರು ಇದನ್ನು ಮಾಡಿದ್ದು ಎಣ್ಣೆ ಕೊಳವೆಗಳ ಸುದ್ದಿಯನ್ನು ಉಪಗ್ರಹದ ಮೂಲಕ ತರಿಸಿಕೊಳ್ಳಲು. ಸಂಪರ್ಕ ತೆಳುವಾಗಿರುವ ಕಡೆಗೆಂದೇ ಹುಟ್ಟಿದ್ದು. ನಮ್ಮ ಹಳ್ಳಿಯ ಸಿಗ್ನಲಿಗೆ ಹೇಳಿ ಮಾಡಿಸಿದ ಹಾಗಿದೆ.

ಪರೀಕ್ಷೆಗೆಂದು ಯಾರು ಬೇಕಾದರೂ ಬಳಸುವ ಪುಕ್ಕಟೆ ದಲ್ಲಾಳಿಗಳಿದ್ದಾರೆ. ಅದು ಊರ ಅರಳಿಕಟ್ಟೆ. ಅಲ್ಲಿ ಆಡಿದ ಮಾತು ಎಲ್ಲರಿಗೂ ಕೇಳುತ್ತದೆ, 'ಪಂಪ್ ಆನ್' ಅಂತ ಯಾರು ಬೇಕಾದರೂ ಕೂಗಬಹುದು. ಕಲಿಯಲು ಸಾಕು, ಪಂಪು ಕಟ್ಟಲು ಸಲ್ಲ. ಹೆಸರು, ಗುಟ್ಟಿನ ಪದ ಕೇಳುವ ದಲ್ಲಾಳಿಯೇ ಬೇಕು.

ನೆಟ್ಟಿಗೆ ಮೊದಲು ನನ್ನ ಫೋನಿನ ಹಾಟ್‌ಸ್ಪಾಟನ್ನೇ ಕೊಟ್ಟಿದ್ದೆ. ಮನೆಯಲ್ಲಿ ಕೂತು ಒತ್ತಿದರೆ ಪಂಪು ಓಡುತ್ತದೆ, ಬಂದವರಿಗೆಲ್ಲ ತೋರಿಸಿದ್ದೇ ತೋರಿಸಿದ್ದು. ಚಳ್ಳಕೆರೆಗೆ ಹೋಗಿ ಒತ್ತಿದರೆ ಏನೂ ಇಲ್ಲ. ಫೋನು ನನ್ನ ಜೇಬಿನಲ್ಲೇ ಊರು ಬಿಟ್ಟಿದೆ, ಇನ್ನು ಡಬ್ಬಿಗೆ ನೆಟ್ಟೆಲ್ಲಿ? ಮಗನ ಹಳೇ ಫೋನಿಗೆ ಸಿಮ್ ಹಾಕಿ ಮನೆಯಲ್ಲೇ ಇಟ್ಟೆವು. ಈ ಹಲಗೆಗೆ 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಕಾಣುತ್ತದೆ, ಫೋನಿನಲ್ಲಿ ಅದನ್ನೇ ಆರಿಸಿಕೊಳ್ಳಬೇಕು. ಡಬ್ಬಿಯನ್ನು ಹಳೇ ಸ್ಟಾರ್ಟರಿನ ಕಬ್ಬಿಣದ ಪೆಟ್ಟಿಗೆಯಲ್ಲಿ ಇಟ್ಟಿದ್ದಾಗ ಸಿಗ್ನಲೇ ಹೋಗುತ್ತಿರಲಿಲ್ಲ. ಕಬ್ಬಿಣ ತಡೆಯುತ್ತದೆ, ಪ್ಲಾಸ್ಟಿಕ್ಕೇ ಸರಿ. ಪ್ಲಾಸ್ಟಿಕ್ಕಿಗೆ ಇರುವೆ ನುಗ್ಗುತ್ತದೆ, ವೈರಿನ ತೂತಿಗೆಲ್ಲ ಗ್ಲ್ಯಾಂಡ್ ಹಾಕಿ ಬಿಗಿ ಮಾಡಿ.

ಟ್ಯಾಂಕು ಬರಿದಾದ ರಾತ್ರಿ

ಇಷ್ಟೆಲ್ಲ ಆಗಿ ಎಲ್ಲ ಸರಿಹೋಯಿತು ಅಂದುಕೊಂಡೆ. 2025ರ ಮಾರ್ಚಿನಲ್ಲಿ ಒಂದು ಮದುವೆಗೆ ಬಳ್ಳಾರಿ ಕಡೆ ಹೋಗಿದ್ದೆ. ಹೆಂಡತಿ ಮನೆಯಲ್ಲಿದ್ದಳು. ಸಂಜೆ ನಾಲ್ಕೂವರೆಗೆ ಕರೆಂಟಿಲ್ಲದೆ ನೀರು ತಪ್ಪಿತ್ತು. ರಾತ್ರಿ ಎಂಟೂವರೆಗೆ ಕರೆಂಟು ಬಂದದ್ದು ಫೋನಿನಲ್ಲಿ ಕಂಡಿತು. ಅಲ್ಲಿಂದಲೇ ಆನ್ ಒತ್ತಿದೆ. ಎರಡೇ ನಿಮಿಷಕ್ಕೆ ಮತ್ತೆ ಕರೆಂಟು ಹೋಯಿತು. ಪಂಪು ನಿಂತಿತಲ್ಲ ಅಂತ ನಾನೂ ಮರೆತು ಊಟಕ್ಕೆ ಕೂತೆ.

ದಲ್ಲಾಳಿ ಮರೆಯಲಿಲ್ಲ. ಈ ಎಂಕ್ಯೂಟಿಟಿಯಲ್ಲಿ 'ರಿಟೇನ್' ಅಂತ ಒಂದು ಗುರುತಿದೆ. ಅದನ್ನು ಹಾಕಿ ಕಳಿಸಿದ ಕೊನೆಯ ಮಾತನ್ನು ದಲ್ಲಾಳಿ ಇಟ್ಟುಕೊಂಡಿದ್ದು, ಯಾರು ಹೊಸದಾಗಿ ಬಂದರೂ ಅವರ ಕೈಗೆ ಕೊಡುತ್ತಾನೆ. ನನ್ನ ಆಪಿನಲ್ಲಿ ಆ ಗುರುತು ಹಾಕಿತ್ತು. ನಡುರಾತ್ರಿ ಎರಡು ಗಂಟೆ ಸುಮಾರಿಗೆ ಕರೆಂಟು ಬಂದಾಗ ಡಬ್ಬಿ ಎದ್ದು, ದಲ್ಲಾಳಿಯ ಹತ್ತಿರ ಹೋಗಿ, 'ನನಗೇನಾದರೂ ಇದೆಯಾ?' ಅಂದಿತು. 'ಇದೆ, ಪಂಪ್ ಆನ್' ಅಂದ. ಹನ್ನೆರಡು ನಿಮಿಷದ ಮಿತಿಯನ್ನು ಬೆಳಿಗ್ಗೆ ಸಂಜೆಯ ಸರದಿಗೆ ಮಾತ್ರ ಬರೆದಿದ್ದೆ. ಫೋನಿನಿಂದ ಆನ್ ಮಾಡಿದರೆ ಫೋನಿನಿಂದಲೇ ಆಫ್ ಮಾಡುವವನು ಒಬ್ಬನಿರುತ್ತಾನೆ ಅಂತ ಗ್ರಹಿಕೆ. ಆ ಒಬ್ಬನು ಮದುವೆ ಮನೆಯ ಚಪ್ಪರದಲ್ಲಿ ಮಲಗಿದ್ದ.

ನಿಮಿಷಕ್ಕೆ ಎಂಟು ಲೀಟರಿನಂತೆ ಎರಡು ಗಂಟೆಯಲ್ಲಿ ಟ್ಯಾಂಕು ಬರಿದು. ಅವತ್ತು ಮಧ್ಯಾಹ್ನವಷ್ಟೇ ತುಂಬಿಸಿದ್ದ ಐದು ದಿನದ ನೀರು. ಆಮೇಲೆ ಒಂದೂವರೆ ಗಂಟೆ ಪಂಪು ನೀರಿಲ್ಲದೆ ಓಡಿದೆ. ಹೆಂಡತಿ ಐದೂವರೆಗೆ ಎದ್ದು ಹಿತ್ತಲಿಗೆ ಹೋದಾಗ ಸುಟ್ಟ ವಾಸನೆ, ಮುಟ್ಟಿದರೆ ಕೈ ಸುಡುವ ಪಂಪು, ಕೆಸರು ಪಾತಿ. ಸೀಲು ಹೋಗಿತ್ತು, 600 ರೂಪಾಯಿ. ದುಡ್ಡಿಗಿಂತ ದೊಡ್ಡದು ನೀರು. ಬೋರು ಮತ್ತೆ ಟ್ಯಾಂಕು ತುಂಬಿಸುವವರೆಗೆ ನಾಲ್ಕು ದಿನ ಅವಳು ಬೀದಿ ನಲ್ಲಿಯಿಂದ ಕೊಡದಲ್ಲಿ ಹೊತ್ತು ಎರಡೂವರೆ ಸಾವಿರ ಚೀಲಕ್ಕೆ ಚೊಂಬಿನಲ್ಲಿ ಹಾಕಿದಳು. ನಾನೂ ಹೊತ್ತೆ ಅನ್ನಿ, ಆದರೆ ಅವಳು ಹೊತ್ತದ್ದು ನನ್ನ ತಪ್ಪಿಗೆ. 'ಫೋನು ಕೇಳೋ ಮೊದ್ಲು ನನ್ನ ಒಂದ್ ಮಾತು ಕೇಳಿದ್ರೆ ನಾನೇ ಬಿಟ್ಟು ನಿಲ್ಲಿಸ್ತಿದ್ನಲ್ಲ' ಅಂದಳು. ಉತ್ತರ ಇರಲಿಲ್ಲ.

ಬುದ್ಧಿ ಡಬ್ಬಿಯೊಳಗೇ ಇರಲಿ

ಅವತ್ತು ಕೂತು ಇಡೀ ಕ್ರಮವನ್ನೇ ತಿರುವಿ ಹಾಕಿದೆವು. ಈಗ ನೀರು ಯಾವಾಗ, ಎಷ್ಟು ಎಂಬುದೆಲ್ಲ ಡಬ್ಬಿಯೊಳಗೇ ಇದೆ. ಗಡಿಯಾರ ಅದರ ಹೊಟ್ಟೆಯಲ್ಲಿದೆ. ನೆಟ್ಟು ಒಂದು ತಿಂಗಳು ಇಲ್ಲದಿದ್ದರೂ ಬೆಳಿಗ್ಗೆ ಆರಕ್ಕೆ, ಸಂಜೆ ನಾಲ್ಕೂವರೆಗೆ ನೀರು ಬೀಳುತ್ತದೆ. ಆ ಹೊತ್ತಿನಲ್ಲಿ ಕರೆಂಟಿಲ್ಲದಿದ್ದರೆ, ಕತ್ತಲಾಗುವ ಮೊದಲು ಬಂದಾಗ ಬಾಕಿ ತೀರಿಸುತ್ತದೆ. ಫೋನಿನಿಂದ ಆನ್ ಮಾಡಿದರೂ 12 ನಿಮಿಷಕ್ಕೆ ತಾನೇ ನಿಲ್ಲುತ್ತದೆ, ಇನ್ನೂ ಬೇಕಾದರೆ ಮತ್ತೆ ಒತ್ತಬೇಕು. ಕರೆಂಟು ಹೋಗಿ ಬಂದರೆ ಯಾವತ್ತೂ ಆಫಿನಲ್ಲೇ ಎದ್ದೇಳುತ್ತದೆ. ಆಜ್ಞೆಗೆ ರಿಟೇನ್ ಗುರುತಿಲ್ಲ.

ಟ್ಯಾಂಕಿನೊಳಗೆ ತೇಲುವ ಸ್ವಿಚ್ಚೊಂದನ್ನು ಕಾಂಟ್ಯಾಕ್ಟರಿನ ಸುರುಳಿಯ ದಾರಿಯಲ್ಲೇ ಹಾಕಿದೆವು. ಆಜ್ಞೆಯಲ್ಲಿ ಬರೆದು ಹೇಳುವುದಲ್ಲ, ತಂತಿಯಲ್ಲೇ ಕತ್ತರಿ. ಡಬ್ಬಿಗೆ ಹುಚ್ಚು ಹಿಡಿದರೂ ನೀರು ತಳ ಕಂಡರೆ ಪಂಪು ಓಡುವಂತಿಲ್ಲ. ಇದನ್ನು ಮೊದಲ ದಿನವೇ ಹಾಕಬೇಕಿತ್ತು.

ಮೋಡಕ್ಕೆ ಈಗ ಉಳಿದಿರುವ ಕೆಲಸ ಸುದ್ದಿ ತರುವುದು. ನೀರು ಬಿಟ್ಟೆ, ನಿಲ್ಲಿಸಿದೆ, ಟ್ಯಾಂಕಿನಲ್ಲಿ ನೀರಿಲ್ಲ, ಇಷ್ಟು. ಎಂಕ್ಯೂಟಿಟಿಯಲ್ಲಿ ನನಗೆ ತುಂಬಾ ಹಿಡಿಸಿದ್ದು ಒಂದಿದೆ. ಡಬ್ಬಿ ಮೊದಲೇ ದಲ್ಲಾಳಿಯ ಹತ್ತಿರ ಉಯಿಲು ಬರೆದಿಡುತ್ತದೆ, 'ನಾನು ಸದ್ದಿಲ್ಲದೆ ಹೋದರೆ ಈ ಮಾತನ್ನು ಎಲ್ಲರಿಗೂ ಹೇಳು' ಅಂತ. ಕರೆಂಟೋ ನೆಟ್ಟೋ ಹೋಗಿ ಸ್ವಲ್ಪ ಹೊತ್ತಿಗೆ ನನ್ನ ಫೋನಿಗೆ 'ಹಿತ್ತಲು ಸುಮ್ಮನಿದೆ' ಎಂದು ಬರುತ್ತದೆ. ಆಗ ಮನೆಗೆ ಫೋನ್ ಮಾಡಿ ಕೇಳುತ್ತೇನೆ. ಸುದ್ದಿಗೆ ರಿಟೇನ್ ಇರಬಹುದು, ಅಪಾಯವಿಲ್ಲ.

ಪರರ ಕಂಪ್ಯೂಟರನ್ನು ನೆಚ್ಚಬಾರದು ಎನ್ನಲು ಇನ್ನೊಂದು ಕಾರಣವೂ ಇದೆ. ಗೂಗಲ್ಲಿನಂಥ ಕಂಪನಿಯೇ ಇಂಥ ಡಬ್ಬಿಗಳಿಗೆಂದು ನಡೆಸುತ್ತಿದ್ದ ಐಓಟಿ ಕೋರ್ ಎಂಬ ಸೇವೆಯನ್ನು 2023ರ ಆಗಸ್ಟ್ 16ಕ್ಕೆ ಮುಚ್ಚಿತು. ವ್ಯಾಪಾರ ಗಿಟ್ಟದಿದ್ದರೆ ಅಂಗಡಿ ಮುಚ್ಚುವುದು ಅವರವರ ಇಷ್ಟ. ನಮ್ಮ ಸಸಿಗೆ ಅದರ ಬಿಸಿ ತಾಕಬಾರದು.

ಅಳಿಯನ ಇನ್ನೊಂದು ಆಸೆ, ನೆಟ್ಟಿನಿಂದ ಹವಾಮಾನ ಕೇಳಿ ಮಳೆ ಬರುವ ದಿನ ಡಬ್ಬಿ ತಾನೇ ನೀರು ನಿಲ್ಲಿಸಬೇಕು ಎಂದು. ಹಾಕಿ ನೋಡಿದೆವು. ಮೇ ತಿಂಗಳ ಒಂದು ದಿನ ನೂರಕ್ಕೆ ಎಪ್ಪತ್ತು ಪಾಲು ಮಳೆ ಎಂದು ತೋರಿಸಿ ಎರಡು ಹೊತ್ತಿನ ನೀರು ಬಿಟ್ಟಿತು. ಮೋಡ ಕವಿದು, ಗುಡುಗಿ, ಗಾಳಿಗೆ ಮುಂದಕ್ಕೆ ಹೋಯಿತು. ಮೂರು ಹೋಬಳಿ ಆಚೆ ಬಿದ್ದಿತಂತೆ. ಬರುವ ಮಳೆ ಕೇಳಿ ನೀರು ನಿಲ್ಲಿಸುವ ಆ ಸಾಲುಗಳನ್ನು ನಾನೇ ಅಳಿಸಿದೆ. ಬಿದ್ದ ಮಳೆ ನೋಡಿ ನಿಲ್ಲಿಸುವುದಾದರೆ ಸರಿ.

ಅದಕ್ಕೇ ತೇವ ನೋಡುವ ಕಡ್ಡಿ. ಮೊದಲು ತಂದದ್ದು ಎರಡು ಹಲ್ಲಿನದು, ಮಣ್ಣಿನಲ್ಲಿ ಕರೆಂಟು ಹರಿಸಿ ನೋಡುವಂಥದ್ದು. ಎರಡು ತಿಂಗಳಿಗೆ ಹಲ್ಲು ಸವೆದು ಹಸಿರುಗಟ್ಟಿತು. ಕೆಪಾಸಿಟಿವ್ ಅನ್ನುವ ಜಾತಿ ಬಾಳುತ್ತದೆ. ಅದರ ಅಂಚಿಗೆ ಉಗುರು ಬಣ್ಣ ಬಳಿಯಬೇಕು, ಇಲ್ಲದಿದ್ದರೆ ಹಲಗೆ ನೀರು ಕುಡಿಯುತ್ತದೆ. ನನ್ನ ಕಡ್ಡಿ ಒಣ ಗಾಳಿಯಲ್ಲಿ 840, ನೀರಲ್ಲಿ 400 ತೋರಿಸುತ್ತದೆ. ನಿಮ್ಮದು ಬೇರೆ ತೋರಿಸೀತು, ನೀವೇ ಅದ್ದಿ ನೋಡಿ ಬರೆದುಕೊಳ್ಳಿ. ಅದು ಹೇಳುವುದು ತಾನಿರುವ ಒಂದು ಚೀಲದ ಸುದ್ದಿ, ಉಳಿದ ಎರಡೂವರೆ ಸಾವಿರದ್ದಲ್ಲ. ಅದಕ್ಕೆ ನಾನು ಕೊಟ್ಟಿರುವ ಅಧಿಕಾರ ಒಂದೇ: ಹದ ಮಳೆಯಾಗಿ 520ಕ್ಕಿಂತ ಕೆಳಗಿಳಿದರೆ ಆ ಹೊತ್ತಿನ ನೀರು ನಿಲ್ಲಿಸಬಹುದು.

ಯಾರಿಗೆ ಬೇಕು, ಯಾರಿಗೆ ಬೇಡ

ಸಮಯಕ್ಕೆ ಸರಿಯಾಗಿ ನೀರು ಬಿದ್ದರೆ ಸಾಕು, ಸುದ್ದಿ ಬೇಡ ಅನ್ನುವವರು ಅಂಗಡಿಯ ಟೈಮರ್ ತಂದು ಕಾಂಟ್ಯಾಕ್ಟರಿಗೆ ಕಟ್ಟಿಕೊಳ್ಳಿ, ಅರ್ಧ ತಲೆನೋವು ಕಡಿಮೆ. ಹೊಲದ ತ್ರೀ ಫೇಸ್ ಮೋಟರಿಗೆ ಮೊಬೈಲ್ ಸ್ಟಾರ್ಟರುಗಳು ಸಿದ್ಧವಾಗಿಯೇ ಸಿಗುತ್ತವೆ, ಅದಕ್ಕೆ ಈ ಡಬ್ಬಿ ಕಟ್ಟಲು ಹೋಗಬೇಡಿ. ಮನೆ ಬಿಟ್ಟು ಓಡಾಡುವವರು, ಹಿತ್ತಲಲ್ಲಿ ಸಸಿಯೋ ತರಕಾರಿಯೋ ಇದ್ದವರು, ಬಿಚ್ಚಿ ಜೋಡಿಸುವ ಚಟ ಇರುವವರು ಮಾಡಿಕೊಳ್ಳಬಹುದು. ಜೊತೆಗೊಬ್ಬ ಓದಿದ ಹುಡುಗನೋ ಹುಡುಗಿಯೋ ಇರಲಿ. ನನ್ನ ಅಳಿಯ ಬರೆದುಕೊಟ್ಟ ಸಾಲುಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಕನ್ನಡದ ಟಿಪ್ಪಣಿ ಸಮೇತ ಬರೆದಿಟ್ಟಿದ್ದೇನೆ. ಅವನು ಕೆಲಸಕ್ಕೆ ಊರು ಬಿಟ್ಟರೂ ಡಬ್ಬಿ ಅನಾಥ ಆಗಬಾರದು.

ಗೋಡೆಯ ಮೇಲೆ ಡಬ್ಬಿಯ ಪಕ್ಕದಲ್ಲೇ ಒಂದು ಕೈ ಸ್ವಿಚ್ಚಿದೆ. ಮೇಲಕ್ಕೆ ಹಾಕಿದರೆ ಡಬ್ಬಿಯ ದರ್ಬಾರು, ಕೆಳಕ್ಕೆ ಹಾಕಿದರೆ ಡಬ್ಬಿಯನ್ನು ಬದಿಗಿಟ್ಟು ಪಂಪು ನೇರ, ನಡುವೆ ಬಂದ್. ಹೆಂಡತಿ ಬಳಸುವುದು ಅದನ್ನೇ. ಫೋನಿನ ಆಪನ್ನು ಅವಳು ಮುಟ್ಟಿಲ್ಲ.

2025ರ ಜೂನಿನ ಹೊತ್ತಿಗೆ ಎರಡು ಸಾವಿರದ ಮುನ್ನೂರು ಸಸಿ ಮಾರಿದೆವು. ಮದುವೆ, ತಿಥಿ, ಸಂತೆ ಅಂತ ಹನ್ನೊಂದು ದಿನ ಇಬ್ಬರೂ ಮನೆಯಲ್ಲಿರಲಿಲ್ಲ. ನೇರಳೆ ಒಂದೂ ಕಡ್ಡಿಯಾಗಲಿಲ್ಲ. ಈಗ ಬಂದಿರುವ ಹೊಸ ತಾಪತ್ರಯ ಹಾಟ್‌ಸ್ಪಾಟಿನ ಹಳೇ ಫೋನಿನದು. ಹಗಲೂ ರಾತ್ರಿ ಚಾರ್ಜಿಗೆ ಹಾಕಿಟ್ಟು ಅದರ ಬ್ಯಾಟರಿ ಹೋಳಿಗೆಯಂತೆ ಉಬ್ಬಿತ್ತು. ಗುಡಿಸಲು ಹತ್ತಿರ ಇದ್ದಿದ್ದರೆ ಬೆಂಕಿಯೇ ಆಗುತ್ತಿತ್ತೋ ಏನೋ. ಅದನ್ನು ತೆಗೆದು, ಬ್ಯಾಟರಿ ಇಲ್ಲದೆ ನೇರ ಚಾರ್ಜರಿನಲ್ಲಿ ನಡೆಯುವ, ಸಿಮ್ ಹಾಕುವ ಡಾಂಗಲ್ ಇಟ್ಟಿದ್ದೇನೆ. ಕರೆಂಟು ಹೋದರೆ ಅದೂ ಹೋಗುತ್ತದೆ. ಹೋಗಲಿ, ಆ ಹೊತ್ತಿನಲ್ಲಿ ಪಂಪೂ ಓಡುವುದಿಲ್ಲವಲ್ಲ.